ಉಳಿದ ಎರಡು ಬೆರಳು

ನಾನು ಅವರನ್ನು ಮೊದಲು ನೋಡಿದಾಗ ಅವರು ಒಬ್ಬನಿಗೆ ಹೊಡೆಯುತ್ತಿದ್ದರು.

ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರ ಅವರದೊಂದು ಉಡುಪಿ ಹೋಟೆಲು. ನಾನು ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಪಾಳಿ ಮುಗಿಸಿ ದಿನವೂ ಅದೇ ಮೂಲೆಯ ಮೇಜಿನಲ್ಲಿ ಕೂತು ಇಡ್ಲಿ ತಿಂದು ಮನೆಗೆ ಹೋಗುವುದು ನನ್ನ ಕ್ರಮ. ಅಂದು ಸಪ್ಲೈಯರ್ ಒಬ್ಬನ ಕೈಯಿಂದ ಗ್ಲಾಸುಗಳ ಟ್ರೇ ಜಾರಿ ಬಿತ್ತು. ಅವರು ಗಲ್ಲಾದಿಂದ ಎದ್ದು ಬಂದವರೇ ಅವನ ಕಪಾಳಕ್ಕೆ ಬಿಗಿದರು. ಅವನು ಗೋಡೆಗೆ ಬಡಿದು ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ಬಿತ್ತು. ಹೋಟೆಲಿನಲ್ಲಿ ಚಮಚಗಳ ಸದ್ದು ನಿಂತುಹೋಯಿತು. ಆಮೇಲೆ ಅವರು ಹೆಗಲ ಮೇಲಿನ ಬಿಳಿ ಬೈರಾಸು ತೆಗೆದು ಬಲಗೈ ಒರೆಸಿಕೊಂಡರು. ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು, ಬುಡದಿಂದ ತುದಿಯವರೆಗೆ, ಕೊನೆಗೆ ಹೆಬ್ಬೆರಳು. ಆಪರೇಷನ್ ಥಿಯೇಟರಿನಲ್ಲಿ ಹೊಸ ನರ್ಸುಗಳಿಗೆ ನಾವು ಎಷ್ಟು ಹೇಳಿಕೊಟ್ಟರೂ ಬಾರದ ಅಚ್ಚುಕಟ್ಟು ಅದು. ಒರೆಸಿ ಮುಗಿಸಿ ನನ್ನ ಕಡೆ ತಿರುಗಿದರು.

“ಮೇಡಂ, ಚಟ್ನಿ ಹಾಕಿಸ್ಲಾ?”

ಈಗ ಅವರಿಲ್ಲ. ಈ ಸಲ ಚಳಿ ಶುರುವಾಗುತ್ತಲೇ, ಬೆಳಿಗ್ಗೆ ಎದ್ದು ಕೂತವರು ಹಾಗೇ ಹೋದರು. ನಮ್ಮ ಭಾನುವಾರದ ಹಕ್ಕಿ ನೋಡುವ ಗುಂಪಿನ ವಾಟ್ಸಾಪಿನಲ್ಲಿ ಯಾರೋ ಅವರ ಫೋಟೋ ಹಾಕಿ ‘ಹಕ್ಕಿಗಳ ಬಂಧು’ ಎಂದು ಬರೆದರು. ಇನ್ನೊಬ್ಬರು ‘ಇರುವೆಗೂ ನೋವು ಮಾಡದ ಜೀವ’ ಎಂದರು. ಮುಗಿದ ಕೈಗಳ ಚಿತ್ರ ಸಾಲುಗಟ್ಟಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬುದು ನನಗೂ ಗೊತ್ತು. ಆದರೆ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ರೋಗಿ ಹೇಗಿದ್ದಾನೋ ಹಾಗೆಯೇ ಹೇಳಿ ಹೋಗಬೇಕು. ಚೆನ್ನಾಗಿದ್ದಾನೆ ಎಂದು ಹೇಳಿ ಹೋದರೆ ಅವನು ಮುಂದಿನ ಪಾಳಿಯವಳ ಕೈಯಲ್ಲಿ ಸಾಯುತ್ತಾನೆ. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ.

ಹೋಟೆಲಿನ ಆ ದಿನ ಕಳೆದು ಕೆಲವು ವರ್ಷಗಳಾದ ಮೇಲೆ ಅವರ ಹೆಂಡತಿ ನಮ್ಮ ಆಸ್ಪತ್ರೆಗೆ ಬಂದಿದ್ದರು. ಮುಂಗೈ ಮುರಿದಿತ್ತು. “ಬಚ್ಚಲಲ್ಲಿ ಜಾರಿದ್ದು” ಎಂದರು. ಬಿದ್ದಾಗ ಕೈ ಹೇಗೆ ಮುರಿಯುತ್ತದೆ, ತಿರುಚಿದಾಗ ಹೇಗೆ ಮುರಿಯುತ್ತದೆ ಎಂದು ಅಷ್ಟು ಹೊತ್ತಿಗೆ ನಾನು ಸಾಕಷ್ಟು ನೋಡಿದ್ದೆ. “ಆ ಬಚ್ಚಲು ಇನ್ನೂ ಎಷ್ಟು ಸಲ ಜಾರುತ್ತಮ್ಮ?” ಎಂದೆ. ಆಕೆ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದರು. “ಗಟ್ಟಿಯಾಗಿ ಕಟ್ಟಿ ಸಿಸ್ಟರ್” ಎಂದಷ್ಟೇ ಹೇಳಿದರು.

ಹಾಗಾಗಿ ಎಷ್ಟೋ ಕಾಲದ ನಂತರ, ನಾನು ನಿವೃತ್ತಳಾಗಿ ಆಂಟಾಪ್ ಹಿಲ್‌ನಲ್ಲಿ ನೆಲೆಸಿದ ಮೇಲೆ, ದೀಪಾವಳಿಗೆ ಮುಂಚೆ ಒಂದು ಸಂಜೆ ಆಕೆ ವಿಳಾಸ ಹುಡುಕಿಕೊಂಡು ಬಂದಾಗ ಪರಿಚಯ ಹೇಳಬೇಕಾಗಲಿಲ್ಲ. ನಾನು ಕೈ ನೋಡಿದೆ. ಮುಂಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು.

“ಮನೆ ಬಿಟ್ಟು ಬಂದಿದ್ದೇನೆ ಸಿಸ್ಟರ್. ಪವಾಯಿಯಲ್ಲಿ ಮಗಳ ಹತ್ತಿರ ಇದ್ದೇನೆ” ಎಂದರು. ಹೋಟೆಲನ್ನು ಗಂಡ ತಮ್ಮನ ಮಗನಿಗೆ ಬಿಟ್ಟುಕೊಟ್ಟಿದ್ದರಂತೆ. ಇಡೀ ದಿನ ಮನೆಯಲ್ಲೇ. “ಮೊದಲು ಹೋಟೆಲಿನ ಹುಡುಗರಿಗೆ ಹಂಚಿ ಹೋಗ್ತಿತ್ತು. ಈಗ ಪೂರಾ ನನಗೇ.” ಕೊನೆಯ ಏಟು ಬಿದ್ದದ್ದು ಸ್ನಾನದ ನೀರು ಬಿಸಿ ಸಾಲಲಿಲ್ಲ ಎಂದು. ಆಕೆ ಒಂದು ಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು ಹೊರಟುಬಂದಿದ್ದರು. ಗಂಡ ಪವಾಯಿಗೆ ಹೋಗಿ, ಮಗಳ ಬಾಗಿಲಲ್ಲಿ ನಿಂತು ಅತ್ತರಂತೆ.

“ನಾನೊಂದು ಶರತ್ತು ಹಾಕಿದ್ದೇನೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಯಾರ ಮೇಲೂ ಕೈ ಎತ್ತಬಾರದು. ಎತ್ತದಿದ್ರೆ ಶಿವರಾತ್ರಿ ಮರುದಿನ ನಾನಾಗಿ ಬರ್ತೇನೆ. ಎತ್ತಿದ್ರೆ ಇಲ್ಲ. ಮತ್ತೆ ಕೇಳ್ಳಿಕ್ಕೂ ಬರಬಾರದು.”

“ಒಳ್ಳೇದು. ನನ್ನಿಂದೇನಾಗಬೇಕು?”

“ಒಬ್ಬರೇ ಮನೆಯಲ್ಲಿ ಕೂತ್ರೆ ಯಾರಿಗೆ ಹೊಡೀತಾರೆ, ಗೋಡೆಗಾ? ಜನರ ನಡುವೆ ಇರಬೇಕು. ನೀವು ನಡೆಸುವ ಹಕ್ಕಿ ಗುಂಪಿನ ವಿಷಯ ಮಗಳು ಹೇಳಿದ್ಳು, ಅವರನ್ನು ಅದಕ್ಕೆ ಹಾಕಿಕೊಳ್ಳಿ. ನೋಡಿದ್ದನ್ನು ನನಗೆ ಹೇಳಿ, ಸಾಕು. ಬಚ್ಚಲು ಅಂದಾಗ ನೀವೊಬ್ರೇ ನಂಬದೇ ಇದ್ದದ್ದು.”

ನಾನು ನೇರವಾಗಿಯೇ ಕೇಳಿದೆ: “ನಿಮಗೆ ಹೋಗಬೇಕು ಅಂತ ಇದೆಯಾ, ಬಿಡೋದಕ್ಕೆ ನೆಪ ಬೇಕಾ?”

“ಹೋಗ್ಬೇಕು ಅಂತ ಉಂಟು ಸಿಸ್ಟರ್. ಅಲ್ಲಿ ನನ್ನ ತುಳಸಿ ಉಂಟು, ನನ್ನ ಪಾತ್ರೆ ಉಂಟು.” ಹೊರಡಲು ಎದ್ದು ಸೇರಿಸಿದರು. “ಅವರೂ ಇದ್ದಾರೆ.”

ನಮ್ಮ ಗುಂಪು ಚಳಿಗಾಲಕ್ಕೆ ಮಾತ್ರ. ದೀಪಾವಳಿ ಕಳೆದ ಮೇಲೆ ಶುರು, ಶಿವರಾತ್ರಿಗೆ ಮುಕ್ತಾಯ. ಒಂದು ವಾರ ಬೊರಿವಲಿಯ ಕಾಡು, ಒಂದು ವಾರ ಪವಾಯಿ ಕೆರೆಯ ದಂಡೆ. ತಡವಾಗಿ ಬಂದವರಿಗೆ ಕಾಯುವುದಿಲ್ಲ, ನಡೆಯುವಾಗ ಹರಟೆಯಿಲ್ಲ, ತಿಂಡಿಯ ಡಬ್ಬ ತೆರೆಯುವುದು ವಾಪಸು ಬಂದ ಮೇಲೆ. ಈ ನಿಯಮಗಳಿಗಾಗಿ ನನ್ನನ್ನು ಬೆನ್ನ ಹಿಂದೆ ಏನೆನ್ನುತ್ತಾರೆ ಎಂದು ನನಗೆ ಗೊತ್ತು. ಆಕೆಯ ಗಂಡ ಮೊದಲ ಭಾನುವಾರವೇ ಎಲ್ಲರಿಗಿಂತ ಮುಂಚೆ ಬಂದು ಗೇಟಿನಲ್ಲಿ ನಿಂತಿದ್ದರು. ಎತ್ತರದ ಆಳು, ಅಗಲ ಹೆಗಲು, ಇಸ್ತ್ರಿಯ ಅಂಗಿ. ಹೆಗಲಿನ ಬೈರಾಸು ಹೋಗಿ ಜೇಬಿನಲ್ಲಿ ಬಿಳಿ ಕರವಸ್ತ್ರ ಬಂದಿತ್ತು. ಕೊರಳಲ್ಲಿ ಹೊಸ ದುರ್ಬೀನು, ಭಾರದ್ದು.

“ನನ್ನ ಪೊಲೀಸು ನೀವಂತೆ” ಎಂದರು.

“ಪೊಲೀಸಲ್ಲ, ಸಾಕ್ಷಿ.”

“ಎರಡೂ ಒಂದೇ ಸಿಸ್ಟರ್, ತಪ್ಪು ಮಾಡುವವನಿಗೆ.”

ಗುಂಪಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಬೆಂಗಳೂರಿನ ಕಡೆಯ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು ನಮ್ಮಲ್ಲಿ. ನನ್ನ ಹರಟೆಯ ನಿಯಮ ಅವರಿಗೆ ಅನ್ವಯಿಸಿದ್ದೇ ಇಲ್ಲ. ಹುಲಿಯ ಬಾಲ ಹಿಡಿದಿದ್ದೇನೆಂದು ಗೊತ್ತಿಲ್ಲದೆ ಮೊದಲ ದಿನದಿಂದಲೇ ಕೆಣಕಲು ಶುರು ಮಾಡಿದರು.

“ಏನ್ ಅಣ್ಣ, ಜೀವನ ಪೂರ್ತಿ ಇಡ್ಲಿ ನೋಡಿದ ಕಣ್ಣಿಗೆ ಹಕ್ಕಿ ಕಾಣುತ್ತಾ? ಬಿಳೀದು ಗುಂಡಗಿದ್ದದ್ದೆಲ್ಲ ಕೊಕ್ಕರೆ ಅಲ್ಲ ಕಣ್ರೀ!”

ನಾನು ಅವರ ಕೈ ನೋಡಿದೆ. ಎರಡೂ ಕೈಗಳು ದುರ್ಬೀನಿನ ಮೇಲೆ ಹೋದವು. ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು, ಅದನ್ನು ಕಣ್ಣಿಗೆ ಒತ್ತಿ, ಮುಖವೆತ್ತಿ ಆಕಾಶ ನೋಡಿದರು. ಎಲ್ಲರೂ ಆಕಾಶ ನೋಡಿದರು.

“ಏನ್ ಕಾಣ್ತು ಅಣ್ಣ?”

“ದೊಡ್ಡದು. ಹೋಯ್ತು.”

ಅಲ್ಲಿ ಏನೂ ಇರಲಿಲ್ಲ. ಆ ಚಳಿಗಾಲವೆಲ್ಲ ಅವರು ಹಾಗೆ ಖಾಲಿ ಆಕಾಶವನ್ನು ನೋಡಿದರು. ಬೊರಿವಲಿಯ ಕಾಡುದಾರಿಯಲ್ಲಿ ಉದ್ದ ಕ್ಯಾಮೆರಾದವನೊಬ್ಬ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ಅದು ಎದುರಾಳಿ ಬಂತೆಂದು ಹುಚ್ಚೆದ್ದು ಎಗರುವುದನ್ನು ಫೋಟೋ ತೆಗೆಯುತ್ತಿದ್ದ. ಅವರು ಬೇಡಪ್ಪ ಎಂದದ್ದಕ್ಕೆ ಮೊಣಕೈಯಿಂದ ಎದೆಗೆ ತಿವಿದು “ಅಂಕಲ್, ಹಟೋ ನಾ!” ಎಂದ. ಅವರ ಕುತ್ತಿಗೆಯ ನರ ಹುರಿಯಂತೆ ಎದ್ದಿತು. ದುರ್ಬೀನು ಮೇಲೆ ಹೋಯಿತು. ಅದು ಕೆಳಗಿಳಿದಾಗ ಕಣ್ಣ ಸುತ್ತ ಎರಡು ಕೆಂಪು ಬಳೆ ಒತ್ತಿಹೋಗಿದ್ದವು. “ಅಣ್ಣನ ಕಣ್ಣು ಅಂದ್ರೆ ಕಣ್ಣು. ನಮಗೆ ಕಾಣದ್ದೆಲ್ಲ ಕಾಣುತ್ತೆ” ಎಂದು ಬ್ಯಾಂಕಿನವರು ಎಲ್ಲರಿಗೂ ಹೇಳತೊಡಗಿದರು. ತಮಾಷೆ ಹೋಗಿ ಮರ್ಯಾದೆ ಬಂದಿತ್ತು.

ಹಕ್ಕಿಗಳಲ್ಲಿ ಅವರಿಗೆ ಚಂದದವು ಬೇಕಿರಲಿಲ್ಲ. ಹಾಡುವುದು, ಕುಣಿಯುವುದು, ಬಣ್ಣ, ಯಾವುದಕ್ಕೂ ನಿಲ್ಲುತ್ತಿರಲಿಲ್ಲ. ಕೊಲ್ಲುವುದು ಕಂಡರೆ ನಿಲ್ಲುತ್ತಿದ್ದರು. ಕಾಗೆಗಳ ಹಿಂಡೊಂದು ಗೂಬೆಯನ್ನು ಪೊಟರೆಯಿಂದ ಹೊರಗೆಳೆದು ಕುಕ್ಕುತ್ತಿತ್ತು ಒಂದು ಬೆಳಿಗ್ಗೆ. ನೆಲಕ್ಕೆ ಗರಿ ಉದುರಿದವು, ರಕ್ತದ ಹನಿ ಎಲೆಯ ಮೇಲೆ ಬಿತ್ತು. ಮಿಕ್ಕವರು ಮುಖ ತಿರುಗಿಸಿದರು. ಅವರು ತಿರುಗಿಸಲಿಲ್ಲ. ಇನ್ನೊಮ್ಮೆ ಕಳಿಂಗ ಹಕ್ಕಿ ಒಂದು ಹಲ್ಲಿಮರಿಯನ್ನು ತಂದು ಜಾಲಿಯ ಮುಳ್ಳಿಗೆ ಚುಚ್ಚಿತು. ಹಲ್ಲಿ ಇನ್ನೂ ಒದ್ದಾಡುತ್ತಿತ್ತು. ಹಕ್ಕಿ ತಲೆಯಿಂದ ಹರಿದು ತಿನ್ನತೊಡಗಿತು. ಅವರು ಬಹಳ ಹೊತ್ತು ನೋಡಿ ನನಗೆ ಮಾತ್ರ ಕೇಳುವಂತೆ ಹೇಳಿದರು:

“ನೋಡಿ ಸಿಸ್ಟರ್, ಇದಕ್ಕೆ ಕೋಪ ಇಲ್ಲ. ಹಸಿವೆ ಮಾತ್ರ. ತಿಂದು ಮುಗಿದರೆ ಮುಗೀತು. ನನ್ನದು ಹಾಗಲ್ಲ. ನನ್ನದು ಹೊಟ್ಟೆ ತುಂಬಿದ ಮೇಲೂ ಇರ್ತದೆ.”

ಪವಾಯಿಯ ವಾರಗಳು ಬೇರೆ ಥರ. ಮಗಳ ಮನೆಯ ಬಿಲ್ಡಿಂಗು ಕೆರೆಗೆ ಎದುರಾಗಿಯೇ ಇತ್ತು. ಬಾಲ್ಕನಿಗಳು ದಂಡೆಯಿಂದ ಕಾಣುತ್ತಿದ್ದವು. ಅವರು ಒಮ್ಮೆಯೂ ದುರ್ಬೀನನ್ನು ಆ ಕಡೆ ಎತ್ತಲಿಲ್ಲ. ಬಿಲ್ಡಿಂಗಿಗೆ ಬೆನ್ನು ಹಾಕಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೀರಿನತ್ತ ನಿಲ್ಲುತ್ತಿದ್ದರು. ಹಕ್ಕಿ ಅತ್ತ ಹಾರಿದರೂ ತಿರುಗುತ್ತಿರಲಿಲ್ಲ. ಯಾಕೆ ಎಂದು ಕೇಳಿದೆ.

“ಅವಳು ಬಾಲ್ಕನಿಗೆ ಬಂದ್ರೆ ಕೈ ಕಾಣ್ಬೇಕಲ್ಲ” ಎಂದರು.

ಪ್ರತಿ ಭಾನುವಾರ ಮನೆಗೆ ಬಂದು, ಸ್ನಾನಕ್ಕೆ ಮೊದಲು, ನಾನು ಆಕೆಗೆ ಫೋನು ಮಾಡುತ್ತಿದ್ದೆ. “ಎತ್ತಲಿಲ್ಲ.” “ಆಯ್ತು ಸಿಸ್ಟರ್.” ಇಷ್ಟೇ ಮಾತು. ಸಂಕ್ರಾಂತಿ ಹತ್ತಿರವಾದಾಗ “ಆಯ್ತು” ಆದ ಮೇಲೂ ಆಕೆ ಫೋನು ಇಡಲಿಲ್ಲ. “ಬೆಳಗಿನ ಥಂಡಿಗೆ ಸ್ವೆಟರ್ ಹಾಕ್ತಾರಾ?” ಎಂದು ಕೇಳಿದರು. ಮುಂದಿನ ವಾರ, “ಕೆಮ್ಮು ಉಂಟಾ?” ನಾನು ಜೀವಮಾನವಿಡೀ ರೋಗಿಗಳ ಸಂಬಂಧಿಕರ ದನಿ ಕೇಳಿದವಳು. ಆಸೆ ಹುಟ್ಟಿದ ದನಿ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶಿವರಾತ್ರಿಗೆ ಮುಂಚಿನ ಭಾನುವಾರ ಪವಾಯಿಯ ಸರದಿ. ಅದೇ ಆ ಚಳಿಗಾಲದ ಕೊನೆಯ ನಡಿಗೆ. ಅವರು ಹೊಸ ಅಂಗಿ ಹಾಕಿದ್ದರು. ಬ್ಯಾಂಕಿನವರು “ಏನ್ ಅಣ್ಣ, ಹೆಣ್ಣು ನೋಡಕ್ಕೆ ಹೊರಟ್ರಾ?” ಎಂದಾಗ ಆಕಾಶ ನೋಡದೆ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ.

ದಂಡೆಯ ತಿರುವಿನಲ್ಲಿ ಒಂದು ಮಳೆಮರ. ಸಂಕ್ರಾಂತಿಗೆ ಹಾರಿಸಿದ ಗಾಳಿಪಟಗಳು ಅದರಲ್ಲಿ ಇನ್ನೂ ಸಿಕ್ಕಿಕೊಂಡಿದ್ದವು, ಜೊತೆಗೆ ಅವುಗಳ ನೈಲಾನ್ ಮಾಂಜಾ, ಕೊರಳನ್ನೇ ಕೊಯ್ಯುವ ದಾರ. ಆ ದಾರಕ್ಕೆ ಒಂದು ಕರಿ ಹದ್ದು ಸಿಕ್ಕಿ ಒಂದೇ ರೆಕ್ಕೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಬಡಿದುಕೊಂಡಷ್ಟೂ ದಾರ ಒಳಗೆ ಇಳಿಯುತ್ತಿತ್ತು. ಕೆಳಗೆ ಮೂವತ್ತರ ಆಸುಪಾಸಿನ ಒಬ್ಬ ಗಟ್ಟಿ ಆಳು ಬಿದಿರಿನ ಗಳು ಹಿಡಿದು ಕೊಂಬೆಗೆ ಬಡಿಯುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಗಾಳಿಪಟ ಮತ್ತು ದಾರ. ಗಳುವಿನ ಏಟು ಕೊಂಬೆಗೆ ಒಂದು ಬಿದ್ದರೆ ಹದ್ದಿಗೆ ಎರಡು ಬೀಳುತ್ತಿತ್ತು.

“ಭಾಯಿ, ರುಕೋ. ಪಕ್ಷಿ ಹೈ” ಎಂದರು ಅವರು, ಮೆತ್ತಗೆ.

“ಮೇರಾ ಮಾಂಜಾ ಹೈ” ಎಂದ ಅವನು, ತಿರುಗದೆ.

ಎರಡನೆಯ ಸಲ ಕೈಮುಗಿದು ಹೇಳಿದರು. ಅವನು ನಗುತ್ತಾ ಗಳು ಬೀಸಿದ. ಈ ಸಲ ಏಟು ಹದ್ದಿನ ತಲೆಗೇ ಬಿತ್ತು. ಅವರ ಕೈ ದುರ್ಬೀನಿಗೆ ಹೋದದ್ದು ಕಂಡೆ. ಗೆಣ್ಣು ಬೆಳ್ಳಗಾದದ್ದೂ ಕಂಡೆ. ದುರ್ಬೀನು ಕಣ್ಣಿನವರೆಗೆ ಹೋಗಲಿಲ್ಲ. ಅದು ಎದೆಗೆ ಧಪ್ಪೆಂದು ಬಿತ್ತು.

ಮೊದಲ ಏಟಿಗೆ ನಮ್ಮ ಗುಂಪಿನಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. “ಶಭಾಷ್ ಅಣ್ಣ!” ಎಂದರು ಬ್ಯಾಂಕಿನವರು. ಎರಡನೆಯದಕ್ಕೆ ಗಳು ಕೈಬಿಟ್ಟಿತು. ಮೂರನೆಯದಕ್ಕೆ ಅವನು ನೆಲಕ್ಕೆ ಬಿದ್ದ. ಅವರು ಅವನ ಎದೆಯ ಮೇಲೆ ಮಂಡಿಯೂರಿ ಹೊಡೆದರು. ಬಲಗೈ ಒಂದೇ, ತೆರೆದ ಅಂಗೈ, ಎಡಕ್ಕೆ, ಬಲಕ್ಕೆ, ಹಿಟ್ಟು ನಾದುವವರ ಲಯದಲ್ಲಿ. ಬಾಯಲ್ಲಿ ಒಂದು ಮಾತಿಲ್ಲ. ಅವನ ತುಟಿ ಒಡೆಯಿತು, ಕಿವಿಯಿಂದ ರಕ್ತ ಬಂತು, ಅವನು ಕೈಮುಗಿದ, ಅವರು ಮುಗಿದ ಕೈಗಳನ್ನು ಸರಿಸಿ ಹೊಡೆದರು. ಚಪ್ಪಾಳೆ ಎಂದೋ ನಿಂತಿತ್ತು. ಮೊದಲ ಏಟು ಹದ್ದಿನ ಲೆಕ್ಕಕ್ಕೆ ಹೋಯಿತು ಎನ್ನೋಣ. ಮಿಕ್ಕವು ಯಾರ ಲೆಕ್ಕಕ್ಕೆ?

ಬ್ಯಾಂಕಿನವರು ಮತ್ತು ಇನ್ನಿಬ್ಬರು ಸೇರಿ ಅವರನ್ನು ಎಳೆದು ನಿಲ್ಲಿಸಿದರು. ಹದ್ದು ಹಾಗೇ ನೇತಾಡುತ್ತಿತ್ತು. ಅದನ್ನು ಇಳಿಸುವುದು ಅಷ್ಟು ಜನರಲ್ಲಿ ಯಾರಿಗೂ ನೆನಪಾಗಿರಲಿಲ್ಲ. ನಾನು ಗಳುವಿನಿಂದ ಕೊಂಬೆ ಬಗ್ಗಿಸಿ, ಚೀಲದಲ್ಲಿದ್ದ ಕತ್ತರಿಯಿಂದ ದಾರ ಕತ್ತರಿಸಿ, ಹದ್ದನ್ನು ಶಾಲಿನಲ್ಲಿ ಸುತ್ತಿದೆ. ಅದು ಉಗುರುಗಳನ್ನು ನನ್ನ ಅಂಗೈಗೆ ಇಳಿಸಿತು. ಬಿಡಿಸಿಕೊಳ್ಳಲು ಹೋಗಲಿಲ್ಲ, ಯಾಕೆಂದರೆ ಆ ಹಿಡಿತ ಆಗಲೇ ಸಡಿಲವಾಗುತ್ತಿತ್ತು. ಬಿದ್ದವನ ಕಿವಿಗೆ ಹತ್ತಿ ಇಟ್ಟೆ. “ಪಾಗಲ್ ಬುಡ್ಢಾ! ಪುಲೀಸ್ ಬುಲಾತಾ ಹೂಂ!” ಎಂದು ಅರಚುತ್ತಿದ್ದವನನ್ನು ಬ್ಯಾಂಕಿನವರು ಸಮಾಧಾನ ಮಾಡುತ್ತಾ ರಸ್ತೆಗೆ ಕರೆದೊಯ್ದರು.

ನಾನು ತಿರುಗಿ ನೋಡಿದಾಗ ಅವರು ಜೇಬಿನಿಂದ ಕರವಸ್ತ್ರ ತೆಗೆದಿದ್ದರು. ಕಿರುಬೆರಳು ಒರೆಸಿದರು. ಉಂಗುರದ ಬೆರಳು. ನಡುವಿನ ಬೆರಳು. ತೋರುಬೆರಳಿಗೆ ಬಂದಾಗ ನಿಂತರು. ತಮ್ಮ ಕೈಯನ್ನು, ಅದು ಬೇರೆ ಯಾರದೋ ಎಂಬಂತೆ ನೋಡಿದರು. ಬೆನ್ನ ಹಿಂದೆ ಬಾಲ್ಕನಿಗಳಿದ್ದವು. ತಿರುಗಿ ನೋಡಲಿಲ್ಲ. ಕರವಸ್ತ್ರ ಕೆಳಗೆ ಬಿತ್ತು.

“ಸಿಸ್ಟರ್, ಇವತ್ತೇ ಹೇಳಿಬಿಡಿ. ಫೋನಿನಲ್ಲಿ ಬೇಡ, ಹೋಗಿ ಹೇಳಿ.” ಸ್ವಲ್ಪ ದೂರ ಹೋದವರು ವಾಪಸು ಬಂದರು. “ಹೇಳುವಾಗ ಹದ್ದಿನಿಂದ ಶುರು ಮಾಡ್ಬೇಡಿ. ಏಟಿನಿಂದ ಶುರು ಮಾಡಿ.”

ಹದ್ದು ನನ್ನ ಶಾಲಿನಲ್ಲೇ ಸತ್ತಿತು. ಮರದ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದು, ನಾನು ಲಿಫ್ಟು ಹತ್ತಿದೆ.

ಬಾಗಿಲು ತೆರೆದವರು ಆಕೆಯೇ. ಬಾಗಿಲ ಪಕ್ಕದಲ್ಲಿ ಅದೇ ಚೀಲ, ಜಿಪ್ ಎಳೆದು ನಿಲ್ಲಿಸಿತ್ತು. ಅದನ್ನು ಕಂಡು ನನ್ನ ಶಿಸ್ತು ತಪ್ಪಿತು. ನಾನು ಹದ್ದಿನಿಂದಲೇ ಶುರು ಮಾಡಿದೆ. ದಾರ, ರೆಕ್ಕೆ, ಗಳು, ಎರಡು ಸಲ ಬೇಡಿಕೊಂಡದ್ದು. ಕೊನೆಗೆ ಏಟು. “ಕಾರಣ ಇತ್ತಮ್ಮ” ಎಂದೆ.

“ಕಾರಣ ಇಲ್ಲದೆ ಅವರು ಒಮ್ಮೆಯೂ ಹೊಡೆದದ್ದಿಲ್ಲ ಸಿಸ್ಟರ್. ನೀರು ಬಿಸಿ ಇರ್ಲಿಲ್ಲ. ಹಾಲು ಉಕ್ಕಿತು. ನನ್ನ ಅಣ್ಣನ ಮದುವೆಯಲ್ಲಿ ನಾನು ಜೋರಾಗಿ ನಕ್ಕೆ. ಪ್ರತಿ ಸಲ ಕಾರಣ ಉಂಟು.” ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದೇ ಏಟಾ?”

“ಅಲ್ಲ.”

“ಕೈ ಒರೆಸಿಕೊಂಡ್ರಾ?”

ಸುಳ್ಳು ಹೇಳುವವಳಲ್ಲ ಎಂದೇ ನನ್ನನ್ನು ಆರಿಸಿದ್ದು. “ಒರೆಸಿಕೊಂಡರು. ಮೂರು ಬೆರಳು. ಆಮೇಲೆ ನಿಲ್ಲಿಸಿಬಿಟ್ಟರು.”

“ನಿಲ್ಲಿಸಿದ್ರಾ?”

“ಹೌದು. ತೋರುಬೆರಳಿಗೆ ಬಂದು ನಿಲ್ಲಿಸಿದರು.”

ಆಕೆ ಬಗ್ಗಿ ಚೀಲದ ಜಿಪ್ ತೆರೆದು, ಮೇಲೆಯೇ ಇದ್ದ ತೆಂಗಿನೆಣ್ಣೆಯ ಬಾಟ್ಲಿ ತೆಗೆದು ಕಪಾಟಿನಲ್ಲಿಟ್ಟರು. ಒಂದೊಂದೇ ಸೀರೆ ತೆಗೆದರು. ನಾನು ಮಡಚಲು ಕೈ ಹಾಕಿದೆ. ಬೇಡ ಎನ್ನಲಿಲ್ಲ.

ಶರತ್ತು ಅಲ್ಲಿಗೆ ಮುಗಿಯಿತು. ಅವರು ಮುಗಿಸಲಿಲ್ಲ. ಮುಂದಿನ ದೀಪಾವಳಿ ಕಳೆದ ಮೇಲೆ ಎಲ್ಲರಿಗಿಂತ ಮುಂಚೆ ಗೇಟಿನಲ್ಲಿ ಬಂದು ನಿಂತರು, ಅದರ ಮುಂದಿನ ವರ್ಷವೂ. ನಾನು ಕಂಡಂತೆ ಮತ್ತೆ ಕೈ ಎತ್ತಲಿಲ್ಲ. ನಾನು ಯಾರಿಗೂ ಫೋನು ಮಾಡಬೇಕಾಗಿರಲಿಲ್ಲ, ಯಾರೂ ಸ್ವೆಟರಿನ ಬಗ್ಗೆ ಕೇಳಲಿಲ್ಲ. ಪವಾಯಿಯ ವಾರಗಳಲ್ಲಿ ಅದೇ ಮರದ ಹತ್ತಿರ, ಬಿಲ್ಡಿಂಗಿಗೆ ಬೆನ್ನು ಹಾಕಿ, ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಹೊಸದಾಗಿ ಸೇರಿದವರಿಗೆ ಬ್ಯಾಂಕಿನವರು ಹದ್ದಿನ ಕಥೆ ಹೇಳುತ್ತಿದ್ದರು. ಅದರಲ್ಲಿ ಒಂದೇ ಏಟು ಇರುತ್ತಿತ್ತು, ಹದ್ದು ಬದುಕಿ ಹಾರಿಹೋಗುತ್ತಿತ್ತು. ಅದನ್ನು ಕೇಳುವಾಗ ಅವರು ದುರ್ಬೀನೆತ್ತಿ ಆಕಾಶ ನೋಡುತ್ತಿದ್ದರು.

ಅವರು ಸತ್ತ ಬೆಳಿಗ್ಗೆ ತಮ್ಮನ ಮಗ ನನಗೆ ಫೋನು ಮಾಡಿದ. ಪಾರ್ಲೆಯ ಮನೆಗೆ ಹೋಗಿ, ದೇಹ ತೊಳೆಯುವ ಕೆಲಸ ನಾನೇ ವಹಿಸಿಕೊಂಡೆ. ಅದು ಗೊತ್ತಿರುವವರು ಮಾಡಬೇಕಾದ ಕೆಲಸ. ಮುಖ, ಕೊರಳು, ಎಡಗೈ ಮುಗಿಸಿ ಬಿಸಿನೀರಿನಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಆಕೆ ಒಳಗೆ ಬಂದರು. ಆ ಮನೆಯ ಹೊಸ್ತಿಲು ದಾಟಿದ್ದು ಬಿಟ್ಟುಹೋದ ಮೇಲೆ ಅದೇ ಮೊದಲು. ಅಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಸೊಟ್ಟ ಮುಂಗೈ ಚಾಚಿದರು.

“ಬಟ್ಟೆ ಇತ್ತ ಕೊಡಿ ಸಿಸ್ಟರ್. ಬಲಗೈ ನಾನು ಒರೆಸ್ತೇನೆ.”

ಕೊಟ್ಟೆ. ಆಕೆ ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಬಿಡಿಸಿದರು. ಕಿರುಬೆರಳು ಮುಟ್ಟಲಿಲ್ಲ, ಉಂಗುರದ ಬೆರಳು, ನಡುವಿನ ಬೆರಳು ಮುಟ್ಟಲಿಲ್ಲ. ತೋರುಬೆರಳನ್ನು ಬುಡದಿಂದ ತುದಿಯವರೆಗೆ ಒರೆಸಿದರು. ಆಮೇಲೆ ಹೆಬ್ಬೆರಳು. ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಎದ್ದುಹೋದರು.